ಹೊಳೆ ಕ್ಯಾಂಪಿನ ಚಿತ್ರ

ಜನವರಿ ೧೧

ಕೋತಿಮರಿಗೆ,

ಆದ್ದರಿಂದ ಹುಲ್ಲುಗಾವಲಿನ ಕ್ಯಾಂಪು ಬೇಡವೇ ಬೇಡ ಎಂದು ನಿನ್ನೆ ನಾನು ಹೇಳಿದ್ದಲ್ಲ. ಇನ್ನೊಮ್ಮೆ ತೂಗಿ ನೋಡೋಣ ಎಂದೆ, ಅಷ್ಟೇ. ಅಷ್ಟರಲ್ಲಿ ನೀನು "ಸರಿ ಅಪ್ಪಾ, ಆಮೇಲೆ ನೋಡೋಣ" ಎಂದು ಫೋನಿಟ್ಟೆ. ಫೋನಿನಲ್ಲಿ ನಾವಿಬ್ಬರೂ ಹೀಗೇ. ನಾನು "ಮತ್ತೆ?" ಅನ್ನುವುದು, ನೀನು "ಮತ್ತೇನಿಲ್ಲ" ಅನ್ನುವುದು, ನಡುವೆ ನಿನ್ನ ಬಂದರಿನ ಗಾಳಿ ಬುಸ್ಸೆನ್ನುವುದು. ಅದಕ್ಕೇ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ.

ಅಮ್ಮ ನೋಡಬೇಕೆಂದಿದ್ದ ಕಾಡಿಗೆ ನಾವಿಬ್ಬರಾದರೂ ಹೋಗಿ ಬರೋಣ ಎಂದವಳು ನೀನು. ಆಗಲಿ ಎಂದೆ. ಅವಳು ಹೋಗಿ ಆರು ತಿಂಗಳಾಯಿತು. ಅಂಗಡಿಯ ಗಲ್ಲಾದ ಕೆಳಗೆ ಹೋದ ವರ್ಷ ಅವಳು ತರಿಸಿದ್ದ ಮೂರು ಪುಸ್ತಿಕೆಗಳು ಇನ್ನೂ ಇದ್ದವು. ತೆಗೆದು ನೋಡಿದೆ. ಕಾಗದದ ಗುಣಮಟ್ಟ ಚೆನ್ನಾಗಿದೆ.

ಒಂದು, ಹೊಳೆ ಕ್ಯಾಂಪು. ಮರದ ಕಟ್ಟೆಯ ಮೇಲೆ ಡೇರೆಗಳು, ಸುತ್ತ ಬೇಲಿ ಇಲ್ಲ, ಬೆಳಿಗ್ಗೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಸಂಜೆ ಆನೆಗಳು ಹೊಳೆ ದಾಟುತ್ತವಂತೆ. ಎರಡು, ಗುಡ್ಡದ ಕ್ಯಾಂಪು. ಕಲ್ಲಿನ ಕೋಣೆಗಳು, ನೀರಿನ ಹೊಂಡದ ಪಕ್ಕ ಎತ್ತರದ ಅಟ್ಟಣೆ. ಅಲ್ಲಿ ಕೂತರೆ ಕೆಮ್ಮಬಾರದಂತೆ. ಮೂರು, ಹುಲ್ಲುಗಾವಲು. ತೆರೆದ ಜೀಪು. ಹತ್ತು ಸವಾರಿಯಲ್ಲಿ ಒಂಬತ್ತು ಸಲ ಚಿರತೆ ಕಾಣುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ಹತ್ತನೆಯ ಸಲದವರ ಗತಿ ಏನು ಎಂದು ಬರೆದಿಲ್ಲ.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು "ಕಂಪೇರ್ ಅಂಡ್ ಕಾಂಟ್ರಾಸ್ಟ್" ಎಂಬ ಪ್ರಶ್ನೆಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. "ಆನ್ ದ ಒನ್ ಹ್ಯಾಂಡ್" ಎಂದು ಶುರು ಮಾಡಬೇಕು, "ಆನ್ ದ ಅದರ್ ಹ್ಯಾಂಡ್" ಎಂದು ದಾಟಬೇಕು, ಕೊನೆಗೊಂದು "ನೆವರ್‌ದಿಲೆಸ್" ಹಾಕಿ ಕೈ ಮುಗಿಯಬೇಕು. ಏನಿಲ್ಲವೆಂದರೂ ಪಾಸು. ಮೂರನೆಯ ಕೈ ಬಂದರೆ ಏನು ಮಾಡಬೇಕೆಂದು ಮಾತ್ರ ಅವರು ಹೇಳಲಿಲ್ಲ.

ನನ್ನ ಪದ್ಧತಿ ನಿನಗೆ ಗೊತ್ತು. ಕನ್ನಡಕಕ್ಕೆಂದು ಬಂದು ಕುರ್ಚಿಯಲ್ಲಿ ಕೂತವರಿಗೆ ಒಮ್ಮೆಗೆ ಎರಡೇ ಗಾಜು ತೋರಿಸುತ್ತೇನೆ. ಇದಾ, ಅದಾ? ಗೆದ್ದದ್ದನ್ನು ಇಟ್ಟುಕೊಂಡು ಮುಂದಿನ ಗಾಜು. ಇದಾ, ಅದಾ? ಅವಸರ ಮಾಡಿದರೆ ಆಮೇಲೆ ತಲೆನೋವು ಅವರಿಗೆ, ಕೆಟ್ಟ ಹೆಸರು ನನಗೆ. ಹೋದ ವರ್ಷವೂ ಹೀಗೆಯೇ ಕೂತಿದ್ದೆವು, ನಾನೂ ನಿನ್ನಮ್ಮನೂ. ಹೊಳೆ ಕ್ಯಾಂಪಿನ ಚಿತ್ರ ಕೈಗೆ ಕೊಟ್ಟೆ. ಇಡೀ ಆನೆ ಹಿಂಡೇ ದಡದಲ್ಲಿ ನಿಂತ ಚಿತ್ರ. ಅವಳು ನೋಡಿ, "ನೀರು ಎಷ್ಟು ಚೆನ್ನಾಗಿದೆ ಅಲ್ವಾ? ಇಲ್ಲಿಗೇ ಹೋಗೋಣ" ಎಂದಳು. "ಅಲ್ಲ ಮಾರಾಯ್ತಿ, ಹನ್ನೊಂದು ಆನೆ ನಿಂತಿವೆ, ನಿನಗೆ ನೀರು ಕಂಡಿತಾ!" ಎಂದು ನಾನು ನಕ್ಕೆ. ಅವಳೂ ನಕ್ಕಳು. ಪ್ರಾಣಿಗಳನ್ನೇ ನೋಡದವಳ ಮಾತು ಎಂದು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲು ಗುಡ್ಡವನ್ನೂ ಹುಲ್ಲುಗಾವಲನ್ನೂ ಎದುರುಬದುರು ಇಡುತ್ತೇನೆ. ಬರೆಯುತ್ತೇನೆ.

ನಿನ್ನ ಅಪ್ಪ


ಜನವರಿ ೨೪

ಅಪ್ಪಾ,

ನಿಮ್ಮ ಕಾಗದ ಬಂತು. ಊಟದ ಕೋಣೆಯಲ್ಲಿ ಓದ್ತಾ ಇದ್ದೆ. ನಮ್ಮ ಫೋರ್‌ಮನ್ ಹಿಂದಿನಿಂದ ಇಣುಕಿ, "ಏನಮ್ಮಾ, ಕೋರ್ಟಿನ ಆರ್ಡರ್ರಾ?" ಅಂದ. "ನಮ್ಮಪ್ಪ ಕ್ಯಾಂಪ್ ಆರಿಸ್ತಿದ್ದಾರೆ" ಅಂದೆ. "ಯುದ್ಧಕ್ಕಾ?" ಅಂದ.

ವಿಷಯ ಇಷ್ಟು. ಮೇ ಮೊದಲ ವಾರ ನನ್ನ ಪಾಳಿ ಖಾಲಿ ಇದೆ. ಏಪ್ರಿಲ್ ಹತ್ತರೊಳಗೆ ರಜೆ ಹಾಕದಿದ್ದರೆ ಅದು ಇನ್ನೊಬ್ಬರ ಪಾಲು, ನನಗೆ ಮತ್ತೆ ಮುಂದಿನ ವರ್ಷವೇ. ಇನ್ನೂ ಎರಡೂವರೆ ತಿಂಗಳಿದೆ. ಮಾಮೂಲಿ ಮನುಷ್ಯರಿಗೆ ಸಾಕಾಗುತ್ತೆ. ನಿಮಗೂ ಸಾಕಾಗಲಿ.

ನನಗೆ ಮೂರೂ ಒಂದೇ. ಸುಮ್ಮನೆ ಹೇಳ್ತಿಲ್ಲ. ಇಡೀ ದಿನ ಕ್ರೇನಿನ ಕ್ಯಾಬಿನ್ನಲ್ಲಿ ಕೂತು ಕಾಲ ಕೆಳಗಿನ ಗಾಜಿನಲ್ಲಿ ಕಂಟೇನರ್ ನೋಡ್ತೀನಿ. ಎತ್ತೋದು, ಇಡೋದು. ಕೆಂಪಾದರೂ ಅಷ್ಟೇ, ನೀಲಿಯಾದರೂ ಅಷ್ಟೇ. ಇಳಿದು ರೂಮಿಗೆ ಬಂದಮೇಲೂ ಹಾಗೇ ಕೂತಿರ್ತೀನಿ. ಅಳು ಬರಲ್ಲ. ಬರಬೇಕಿತ್ತು ಅನ್ಸುತ್ತೆ.

ಬೇಗ ಆರಿಸಿ ಅಪ್ಪಾ. "ಬೇಗ" ಅನ್ನೋದರ ಕೆಳಗೆ ಎರಡು ಗೆರೆ ಎಳೆದಿದ್ದೀನಿ, ನೋಡಿ.

ನಿಮ್ಮ ಮಗಳು


ಫೆಬ್ರವರಿ ೯

ಕೋತಿಮರಿಗೆ,

ಗೆರೆ ನೋಡಿದೆ. ನೆವರ್‌ದಿಲೆಸ್.

ಮೂರೂ ಕ್ಯಾಂಪಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದಿದ್ದೆ. "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್" ಎಂದು ಶುರು ಮಾಡಿದ್ದೊಂದು ನೆನಪಿದೆ. ಮುಂದಿನದು ಏನೋ ಹೇಗೋ ಬಂತು. ಹಾಸಿಗೆಯ ತಲೆ ಯಾವ ದಿಕ್ಕಿಗೆ, ಬೆಳಗಿನ ಬಿಸಿಲು ಮುಖಕ್ಕೆ ಹೊಡೆಯುತ್ತದೆಯೇ, ಬಾಗಿಲಿನಿಂದ ನೀರಿಗೆ ಎಷ್ಟು ಮೀಟರು, ಆರು ಮೀಟರ್ ದೂರದಲ್ಲಿ ಪ್ರಾಣಿ ಕಾಣುತ್ತದೆಯೇ. ಆರು ಮೀಟರ್ ಯಾಕೆಂದರೆ ನಮ್ಮ ಕುರ್ಚಿಗೂ ಗೋಡೆಯ ಅಕ್ಷರದ ಫಲಕಕ್ಕೂ ಅಷ್ಟೇ ದೂರ. ನನಗೆ ಬೇರೆ ಅಳತೆ ತಲೆಗೆ ಹೋಗುವುದಿಲ್ಲ.

ಹೊಳೆ ಕ್ಯಾಂಪಿನ ಮ್ಯಾನೇಜರು ಉತ್ತರ ಕೊಟ್ಟಿದ್ದಾನೆ. "ಸರ್, ಆರು ಮೀಟರ್ ದೂರದಲ್ಲಿ ಆನೆ ಕಂಡರೆ ದಯವಿಟ್ಟು ಅಳೆಯಲು ನಿಲ್ಲಬೇಡಿ." ಒಳ್ಳೆಯ ಮನುಷ್ಯನಂತೆ ಕಾಣುತ್ತಾನೆ. ಉಳಿದ ಇಬ್ಬರು ಬಣ್ಣದ ಪುಸ್ತಿಕೆಯನ್ನೇ ಇನ್ನೊಮ್ಮೆ ಕಳಿಸಿದ್ದಾರೆ. ಈಗ ಗುಡ್ಡದ್ದು ಎರಡು, ಹುಲ್ಲುಗಾವಲಿನದು ಎರಡು.

ಚಿರತೆಯ ಚಿತ್ರವನ್ನು ಬಹಳ ಹೊತ್ತು ನೋಡಿದೆ. ಅದು ನನ್ನನ್ನೇ ನೋಡುತ್ತಿದೆ. ಮೈ ಜುಮ್ಮೆನ್ನಬೇಕಲ್ಲವೇ? ಬಸ್ಸಿನ ವೇಳಾಪಟ್ಟಿ ನೋಡಿದ ಹಾಗೆ ನೋಡಿ ಮಡಚಿಟ್ಟೆ. ದಿನ ಹೀಗೇ ಸಾಗುತ್ತಿದೆ. ಒಂಬತ್ತಕ್ಕೆ ಅಂಗಡಿ ತೆಗೆಯುತ್ತೇನೆ. ಗಾಜು ಉಜ್ಜುತ್ತೇನೆ, ತಿರುಪು ಬಿಗಿ ಮಾಡುತ್ತೇನೆ. ಮಧ್ಯಾಹ್ನ ನಿಂತೇ ಊಟ ಮಾಡುತ್ತೇನೆ. ಕೂತರೆ ಏಳಲು ಕಾರಣ ಹುಡುಕಬೇಕು.

ಕಪಾಟಿನ ಮೇಲಿನ ಖಾನೆಯಲ್ಲಿ ಅವಳ ಕನ್ನಡಕಗಳು ಸಿಕ್ಕವು. ಹೋದ ವರ್ಷ ಮಾಡಿಕೊಟ್ಟ ಮೂರು. ಒಂದು ಮಾರ್ಚಿನದು, ಒಂದು ಮೇ ತಿಂಗಳದು, ಒಂದು ಜೂನಿನದು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಳು, ನಂಬರು ಬದಲಾಗಿರಬೇಕು ಎಂದು ಹೊಸದು ಮಾಡಿದೆ. ತಟ್ಟೆಯಲ್ಲಿ ಎಡಗಡೆಯ ಊಟ ಹಾಗೇ ಬಿಟ್ಟು ಎದ್ದಳು, ಇನ್ನೊಂದು ಮಾಡಿದೆ. ಪ್ರತಿ ಸಲವೂ ಕುರ್ಚಿಯಲ್ಲಿ ಕೂರಿಸಿ ಓದಿಸಿದೆ. ಕೊನೆಯ ಸಾಲಿನವರೆಗೂ ಒಂದೂ ತಪ್ಪಿಲ್ಲದೆ ಓದಿದಳು. ಅಷ್ಟು ಸೊಗಸಾಗಿ ಓದುವ ಕಣ್ಣಿನ ಹಿಂದೆ ಗಡ್ಡೆಯೊಂದು ಬೆಳೆಯುತ್ತಿದೆ ಎಂದು ಯಾರಿಗೆ ಹೊಳೆದೀತು? ಜುಲೈನಲ್ಲಿ ಅಂಗಡಿಯಲ್ಲೇ ಬಿದ್ದಳು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಮೂರು ತಿಂಗಳು ಮೊದಲು ಬಂದಿದ್ದರೆ ಮಾತೇ ಬೇರೆ ಇತ್ತು ಎಂದರು ಡಾಕ್ಟರು. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ನನ್ನ ಮುಖ ನೋಡಲಿಲ್ಲ. ಅವತ್ತಿನಿಂದ ನೋಡಿಲ್ಲ.

ಕಣ್ಣಿನ ಕಸುಬಿನವನ ಹೆಂಡತಿ. ನಿನಗೆ ನನ್ನ ಮೇಲೆ ಸಿಟ್ಟಿದೆ ಎಂದು ಗೊತ್ತು. ಇರಬೇಕಾದದ್ದೇ. ಹೇಳಿಬಿಡು ಅಂದರೆ ನೀನು ರಜೆಯ ಮಾತೆತ್ತುತ್ತೀಯ. ಆಗಲಿ. ಈಗ ಗುಡ್ಡವೋ ಹುಲ್ಲುಗಾವಲೋ ಎಂಬಲ್ಲಿದ್ದೇನೆ.

ನಿನ್ನ ಅಪ್ಪ


ಫೆಬ್ರವರಿ ೨೭

ಅಪ್ಪಾ,

ನಿಮ್ಮ ಮೇಲೆ ಸಿಟ್ಟಿಲ್ಲ. ಆ ಮಾತು ಬೇಡ. ದಯವಿಟ್ಟು.

ಗುಡ್ಡ ಅಂದ್ರೆ ಗುಡ್ಡ. ಹುಲ್ಲು ಅಂದ್ರೆ ಹುಲ್ಲು. ನಾಳೆನೇ ಹೇಳಿ.

ನಿಮ್ಮ ಮಗಳು


ಮಾರ್ಚ್ ೧೬

ಕೋತಿಮರಿಗೆ,

ನಿನ್ನ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆ ಎಂದು ಎಣಿಸಿಲ್ಲ. ಅದರಲ್ಲಿ ಇನ್ನೇನೂ ಇರಲಿಲ್ಲ.

ಹುಲ್ಲುಗಾವಲು ಬಿತ್ತು. ಎದುರು ಬೇಕರಿಯವನು ಬೀಳಿಸಿದ. ಅವನ ಷಡ್ಡಕ ಅಲ್ಲಿಗೆ ಹೋಗಿದ್ದನಂತೆ. "ಚಿರತೆ ಕಂಡಿದ್ದು ನಿಜ ಸಾರ್. ಆದ್ರೆ ಒಂದು ಚಿರತೆ, ಸುತ್ತ ಹದಿನಾಲ್ಕು ಜೀಪು. ಪಾಪ, ಅದೇ ಸಫಾರಿಗೆ ಬಂದ ಹಾಗೆ ಒಂದೊಂದೇ ಜೀಪು ನೋಡ್ಕೊಂಡು ಹೋಯ್ತಂತೆ." ಗುಡ್ಡ ಗೆದ್ದಿತು. ಈಗ ಗುಡ್ಡವನ್ನು ಹೊಳೆಯ ಎದುರು ಇಡಬೇಕು. ಆನ್ ದ ಒನ್ ಹ್ಯಾಂಡ್ ಕಲ್ಲಿನ ಗೋಡೆ, ಭದ್ರ. ಆನ್ ದ ಅದರ್ ಹ್ಯಾಂಡ್ ನನಗೆ ಈಗ ಕೆಮ್ಮು, ಅಟ್ಟಣೆಯಲ್ಲಿ ಕೂರಿಸುವರೋ ಇಲ್ಲವೋ. ಹೊಳೆಯಾದರೆ ಡೇರೆಯ ಬಟ್ಟೆಯೊಂದೇ ಅಡ್ಡ. ಮ್ಯಾನೇಜರಿಗೆ ಇನ್ನೂ ನಾಲ್ಕು ಪ್ರಶ್ನೆ ಬರೆದಿದ್ದೇನೆ.

ಹೋದ ವರ್ಷ ಇದೇ ಹೊತ್ತಿಗೆ ಇದೇ ಎರಡರ ಮಧ್ಯೆ ಇದ್ದೆ. ಜುಲೈನಲ್ಲಿ ಅವಳು ಬಿದ್ದಾಗಲೂ ಮೇಜಿನ ಮೇಲೆ ಗುಡ್ಡ, ಹೊಳೆ, ಎರಡೂ ತೆರೆದೇ ಇದ್ದವು. "ಇನ್ನೂ ಆಗ್ಲಿಲ್ವಾ?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು. ಗದರಿಸಿ ಅಲ್ಲ. ಅಕ್ಕಿ ಬೆಂದಿದೆಯಾ ಎಂದು ಮುಚ್ಚಳ ತೆಗೆದು ನೋಡುವ ಹಾಗೆ. "ತಾಳು, ಅವಸರದಲ್ಲಿ ಎಡವಟ್ಟಾಗಬಾರದು" ಎನ್ನುತ್ತಿದ್ದೆ.

ನಿನ್ನೆ ಒಬ್ಬ ಗಿರಾಕಿ, ಟೈಲರ್ ಹೆಂಗಸು, ಕುರ್ಚಿಯಲ್ಲಿ ಕೂತು "ನನ್ನ ಕಣ್ಣು ಮಂಜಾ, ನಿಮ್ಮ ಬೋರ್ಡು ಮಂಜಾ?" ಎಂದು ಕೇಳಿದಳು. ಹೋಗಿ ಬೆರಳಿನಿಂದ ಮುಟ್ಟಿ ನೋಡಿದೆ. ಫಲಕದ ಮೇಲೆ ಧೂಳು ಕೂತಿದೆ. ನಿನ್ನಮ್ಮ ಮೂವತ್ತೊಂದು ವರ್ಷ ಅದನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದಳು, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ. ನೀನು ಅಕ್ಷರ ಕಲಿತದ್ದೂ ಆ ಫಲಕದಲ್ಲೇ, ಅವಳ ಸೊಂಟದ ಮೇಲೆ ಕೂತು. ಎಂಟು ತಿಂಗಳಿಂದ ನಾನು ಅದನ್ನು ಮುಟ್ಟಿರಲಿಲ್ಲ. ಒರೆಸಿದೆ. ಟೈಲರಿಗೆ ಎರಡು ಸಾಲು ಹೆಚ್ಚು ಕಂಡಿತು.

ನಿನ್ನ ಅಪ್ಪ


ಏಪ್ರಿಲ್ ೨

ಅಪ್ಪಾ,

ಇದನ್ನ ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಹೇಗಿದ್ರೂ ಕಳಿಸ್ತೀನಿ.

ಹೋದ ವಾರ ನಮಗೆಲ್ಲ ವರ್ಷದ ಕಣ್ಣಿನ ಪರೀಕ್ಷೆ. ನರ್ಸಮ್ಮನ ಕೋಣೆಗೆ ಹೋದೆ. ಗೋಡೆ ಮೇಲೆ ನಮ್ಮದೇ ಫಲಕ. ಅದೇ ಅಕ್ಷರ, ಅದೇ ಸಾಲು. ಮುಂಚೆ ಇದ್ದದ್ದು ಬೇರೆ, ಈ ವರ್ಷ ಬದಲಾಯಿಸಿದ್ದಾರೆ. "ಓದಮ್ಮಾ" ಅಂದ್ರು. ಕೊನೇ ಸಾಲು ಗಡಗಡ ಹೇಳಿದೆ. "ವಾಹ್" ಅಂದ್ರು ನರ್ಸಮ್ಮ. ಆಗ ಗೊತ್ತಾಯ್ತು, ಆ ಸಾಲು ನನಗೆ ಕಾಣ್ತಾನೇ ಇರಲಿಲ್ಲ. ನಾಲಿಗೆ ತಾನೇ ಹೇಳಿಬಿಡ್ತು.

ಬಾಗಿಲವರೆಗೂ ಹೋದೆ. ವಾಪಸ್ ಬಂದು, "ನರ್ಸಮ್ಮಾ, ಈ ಫಲಕ ನನಗೆ ಬಾಯಿಪಾಠ. ಬೇರೇದು ಹಾಕಿ" ಅಂದೆ. ಬೇರೇದರಲ್ಲಿ ಎರಡು ಸಾಲು ಬಿಟ್ಟೆ. ಕ್ಯಾಬಿನ್ ಹತ್ತಬೇಡ ಅಂತ ಕೆಳಗಿನ ಕೆಲಸಕ್ಕೆ ಹಾಕಿ, ಡಾಕ್ಟರ ಹತ್ತಿರ ಕಳಿಸಿದ್ರು. ಹೆದರಬೇಡಿ. ಎಲ್ಲ ನೋಡಿದ್ರು, ಒಳಗೂ ನೋಡಿದ್ರು. ಏನೂ ಇಲ್ಲ. ದೂರಕ್ಕೆ ಕನ್ನಡಕ ಬೇಕು, ಅಷ್ಟೇ. ಚೀಟಿ ಇದರ ಜೊತೆ ಇಟ್ಟಿದ್ದೀನಿ.

ಇನ್ನು ಅಸಲು ಮಾತು.

ಹೋದ ಏಪ್ರಿಲ್‌ನಲ್ಲಿ ಅಮ್ಮ ಎರಡು ದಿನ ನನ್ನ ರೂಮಿಗೆ ಬಂದಿದ್ಳಲ್ಲ. ಮೆಟ್ಟಿಲಲ್ಲಿ ಎಡವಿದ್ಳು. ಕೂರಿಸಿ ನೀರು ಕೊಟ್ಟೆ. "ಎಡಗಡೆ ಅರ್ಧ ಇಲ್ಲ ಕಣೇ" ಅಂದ್ಳು, ಬಟ್ಟೆಗೆ ಗುಂಡಿ ಇಲ್ಲ ಅನ್ನೋ ಹಾಗೆ. "ಅಪ್ಪ ಟೆಸ್ಟ್ ಮಾಡ್ಲಿಲ್ವಾ?" ಅಂದೆ. "ಮಾಡಿದ್ರು. ಪೂರ್ತಿ ಓದಿದೆ. ದಿನಾ ಒರೆಸೋ ಬೋರ್ಡು, ನನಗೆ ಕಣ್ಣು ಬೇಕಾ?" ಅಂತ ನಕ್ಕಳು. ನಾನು ಕಿರುಚಾಡಿದೆ. ಇವತ್ತೇ ಆಸ್ಪತ್ರೆಗೆ ನಡಿ ಅಂದೆ. ಕೈ ಹಿಡ್ಕೊಂಡು ಹೇಳಿದ್ಳು, "ಮೂವತ್ತು ವರ್ಷಕ್ಕೆ ಮೊದಲನೇ ಸಲ ನಿಮ್ಮಪ್ಪ ಅಂಗಡಿಗೆ ಬೀಗ ಹಾಕ್ತೀನಿ ಅಂದಿದ್ದಾರೆ. ಕ್ಯಾಂಪ್ ಆರಿಸ್ತಾ ಇದ್ದಾರೆ. ಆಸ್ಪತ್ರೆ ಅಂದ್ರೆ ಎಲ್ಲ ನಿಂತು ಹೋಗುತ್ತೆ. ಹೋಗಿ ನೋಡ್ಕೊಂಡು ಬರ್ತೀವಿ. ಬಂದ ದಿನವೇ ನಾನೇ ಹೇಳಿ ಆಸ್ಪತ್ರೆಗೆ ಹೋಗ್ತೀನಿ. ಅಲ್ಲೀವರೆಗೂ ನೀನು ಬಾಯಿ ಬಿಡಬೇಡ." ಮಾತು ಕೊಡಿಸ್ಕೊಂಡ್ಳು.

ಎರಡು ವಾರದ ಮಾತು ಅಂದ್ಕೊಂಡೆ ಅಪ್ಪಾ. ಆರಿಸ್ತಾ ಇರೋದು ನೀವು ಅನ್ನೋದು ಮರೆತುಬಿಟ್ಟೆ.

ಮೇ ತಿಂಗಳಲ್ಲಿ ಫೋನ್ ಮಾಡಿ "ಕ್ಯಾಂಪ್ ಆಯ್ತಾ?" ಅಂತ ನಿಮ್ಮನ್ನ ಕೇಳಿದ್ದೆ. ಜೂನ್‌ನಲ್ಲೂ ಕೇಳಿದೆ. ಕೇಳಬೇಕಾದ್ದು ಅದಲ್ಲ, ಹೇಳಬೇಕಾದ್ದು ಬೇರೆ ಇತ್ತು. ಹೇಳಲಿಲ್ಲ. ಡಾಕ್ಟರು ಮೂರು ತಿಂಗಳು ಅಂದಾಗ ನಿಮ್ಮ ಮುಖ ನೋಡಲಿಲ್ಲ ಅಂದ್ರಲ್ಲ, ಯಾವ ಮುಖ ಇಟ್ಕೊಂಡು ನೋಡಲಿ?

ಈಗ ನೀವು ನನ್ನ ಜೊತೆ ಬರದಿದ್ದರೂ ಸರಿ. ಕನ್ನಡಕ ಮಾತ್ರ ನೀವೇ ಮಾಡಿಕೊಡಿ. ಬೇರೆ ಕಡೆ ಮಾಡಿಸೋಕೆ ಮನಸ್ಸಿಲ್ಲ.

ನಿಮ್ಮ ಮಗಳು


ಏಪ್ರಿಲ್ ೭

ಕೋತಿಮರಿಗೆ,

ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. "ಹೊಳೆ. ಮೇ ನಾಲ್ಕು." ನೀನು "ಏನು?" ಎಂದೆ. ನಾನು ಮತ್ತೆ "ಹೊಳೆ" ಎಂದೆ. ಬಂದರಿನ ಗಾಳಿ ಬಹಳ ಹೊತ್ತು ಬೀಸಿತು. ರಜೆ ಹಾಕಿರುತ್ತೀಯ ಎಂದುಕೊಂಡು ಉಳಿದದ್ದನ್ನು ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದದ್ದು ಮೊನ್ನೆ. ಓದಿ ಮಡಚಿ ಜೇಬಿನಲ್ಲಿಟ್ಟು ನಿನ್ನ ಗಾಜು ಕೊರೆಯಲು ಕೂತೆ. ಅಂಥಾ ಕಾಗದ ಓದಿದವನು ಏನಾದರೂ ಮಾಡಬೇಕಿತ್ತು. ಕೂಗಬೇಕಿತ್ತು, ಏನಾದರೂ ಎತ್ತಿ ಹಾಕಬೇಕಿತ್ತು. ನಾನು ಅಂಚು ಉಜ್ಜಿದೆ. ಎಡಗಣ್ಣಿನ ಗಾಜು ಫ್ರೇಮಿಗೆ ಕೂರಲಿಲ್ಲ, ಕೂದಲೆಳೆಯಷ್ಟು ದಪ್ಪ. ಮತ್ತೆ ಉಜ್ಜಿದೆ. ಕೂತಿತು. ಇದಾ ಅದಾ ಎಂದು ಯಾರನ್ನೂ ಕೇಳಲಿಲ್ಲ. ಡಾಕ್ಟರು ಬರೆದದ್ದನ್ನು ಹಾಗೆಯೇ ಮಾಡಿದ್ದೇನೆ. ಇಂದಿನ ಅಂಚೆಗೆ ಹಾಕಿದೆ. ಕಿವಿಯ ಹತ್ತಿರ ಬಿಗಿಯಾದರೆ ಎಳೆಯಬೇಡ, ಬಿಸಿ ನೀರಿನಲ್ಲಿ ಒಂದು ನಿಮಿಷ ಅದ್ದಿ ಬಗ್ಗಿಸು.

ಆಮೇಲೆ ಹೊಳೆ ಕ್ಯಾಂಪಿನ ಪುಸ್ತಿಕೆ ತೆಗೆದೆ. ಗಿರಾಕಿಗಳ ಒಂದು ಕಣ್ಣು ಮುಚ್ಚಲು ಇಟ್ಟುಕೊಂಡ ಕಪ್ಪು ತಟ್ಟೆಯನ್ನು ಚಿತ್ರದ ಎಡ ಅರ್ಧದ ಮೇಲಿಟ್ಟೆ. ಹನ್ನೊಂದು ಆನೆಯೂ ಅದರ ಕೆಳಗೆ ಹೋದವು. ಒಂದರ ಬಾಲವೂ ಹೊರಗೆ ಉಳಿಯಲಿಲ್ಲ. ಉಳಿದದ್ದು ಬಲಗಡೆಯ ನೀರು, ಒಂದು ಬಗ್ಗಿದ ಮರ, ನೀರಿನ ಮೇಲೆ ಅದರ ನೆರಳು. ನಿಜಕ್ಕೂ ಚೆನ್ನಾಗಿದೆ, ಮಗಳೇ. ಮೂರೂ ಪುಸ್ತಿಕೆಯಲ್ಲಿ ಅಷ್ಟು ಚೆನ್ನಾದ ಚಿತ್ರ ಇನ್ನೊಂದಿಲ್ಲ. ಅವಳು ಅದನ್ನು ನೋಡಿ ಇಲ್ಲಿಗೇ ಹೋಗೋಣ ಎಂದದ್ದು ಫೆಬ್ರವರಿಯಲ್ಲಿ. ಆರಿಸುವ ಕೆಲಸ ಅವತ್ತೇ ಮುಗಿದಿತ್ತು. ಐದು ತಿಂಗಳು ನಾನು ಮಾಡಿದ್ದು ಏನು ಎಂದು ಹೆಸರಿಡಲು ನನ್ನ ಇಂಗ್ಲಿಷಿನಲ್ಲೂ ಪದವಿಲ್ಲ.

ನೀನು ಹೇಳಬೇಕಿತ್ತು. ಬರೆಯದೆ ಬಿಟ್ಟರೆ ಅದು ನಮ್ಮ ಮಧ್ಯೆ ಕೂತೇ ಇರುತ್ತದೆ, ಅದಕ್ಕೇ ಬರೆದೆ. ಹೇಳಬೇಕಿತ್ತು. ನಾನು ಬೇಗ ಆರಿಸಬೇಕಿತ್ತು. ಅವಳು ಬಾಯಿಪಾಠ ಒಪ್ಪಿಸಬಾರದಿತ್ತು. ಮೂರರಲ್ಲಿ ಎರಡೆರಡನ್ನೇ ಎದುರುಬದುರು ಇಟ್ಟು ನೋಡಿದೆ. ಯಾವುದೂ ಬೀಳಲಿಲ್ಲ, ಯಾವುದೂ ಗೆಲ್ಲಲಿಲ್ಲ. ನೀನು ನರ್ಸಮ್ಮನ ಬಾಗಿಲಿನಿಂದ ವಾಪಸು ಒಳಗೆ ಹೋದೆಯಲ್ಲ, ಅದನ್ನು ಮಾತ್ರ ಯಾವುದರ ಎದುರೂ ಇಡಲಿಲ್ಲ. ಅದು ಇದ್ದ ಹಾಗೇ ಇರಲಿ.

ಫಲಕ ಕೆಳಗಿಳಿಸಿದ್ದೇನೆ. ಗೋಡೆಯಲ್ಲಿ ಅದರಷ್ಟೇ ದೊಡ್ಡ ಬಿಳಿ ಚೌಕ ಉಳಿದಿದೆ. ಬೇರೆ ಅಕ್ಷರದ್ದು ಎರಡು ತರಿಸಿದ್ದೇನೆ, ತಿಂಗಳಿಗೊಮ್ಮೆ ಬದಲಾಯಿಸಲು. ಬೇಕರಿಯವನು ನೋಡಿ, "ಏನ್ ಸಾರ್, ಸಿಲಬಸ್ ಚೇಂಜಾ?" ಎಂದ. ಹೌದು ಎಂದೆ.

ಮ್ಯಾನೇಜರಿಗೂ ಬರೆದು ಅಂಚೆಗೆ ಹಾಕಿ ಬಂದೆ. ಈ ಸಲ ಪ್ರಶ್ನೆ ಒಂದೂ ಇಲ್ಲ. ಇಬ್ಬರು ಬರುತ್ತೇವೆ, ಒಂದು ಡೇರೆ, ಯುವರ್ಸ್ ಫೇತ್‌ಫುಲಿ. ನಾಲ್ಕನೇ ತಾರೀಖು ಅಂಗಡಿಗೆ ಬೀಗ ಹಾಕುತ್ತೇನೆ. ಬೀಗ ಎಲ್ಲಿದೆಯೋ ಹುಡುಕಬೇಕು. ಮನೆ ಅಂಗಡಿಯ ಹಿಂದೆಯೇ ಆದ್ದರಿಂದ ಇಷ್ಟು ವರ್ಷ ಒಳಗಿನ ಚಿಲಕದಲ್ಲೇ ನಡೆದಿದೆ.

ದೋಣಿಯಲ್ಲಿ ನೀನು ನನ್ನ ಎಡಗಡೆ ಕೂತುಕೋ. ನಾನು ಬಲಗಡೆಯ ನೀರು ನೋಡಿಕೊಂಡಿರುತ್ತೇನೆ, ಅವಳು ಅಷ್ಟನ್ನೇ ಕೇಳಿದ್ದಳು. ಎಡಗಡೆ ಏನು ಕಂಡರೂ ನೀನು ಹೇಳಬೇಕು. ದೋಣಿಯವನು ಸುಮ್ಮನಿರಿ ಎಂದರೂ ಹೇಳು. ದಡ ಮುಟ್ಟಿದ ಮೇಲೆ ಹೇಳೋಣ ಎಂದು ಇಟ್ಟುಕೊಳ್ಳಬೇಡ. ಕಂಡ ತಕ್ಷಣ.

ಇನ್ನೂ ಏನೋ ಬರೆಯುವುದಿತ್ತು. ಕಿಟಕಿಯ ಬೆಳಕು ಇಳಿಯುತ್ತಿದೆ, ಹಾಳೆಯ ಈ ಬದಿಯ ಅಕ್ಷರ ಆಗಲೇ ಕಾಣುತ್ತಿಲ್ಲ. ಅಂದಾಜಿನ ಮೇಲೆ ಬರೆಯುವುದು ಬೇಡ.

ನಿನ್ನ ಅಪ್ಪ